ಸೀಟು ಕೊಡುವ ಮೊದಲು ಲೆಕ್ಕ ಕೊಡಿ

ವಿಶ್ವವಿದ್ಯಾಲಯಗಳನ್ನು ನಡೆಸುವವರಿಗೆ, ಪಿಎಚ್‌ಡಿ ಗೈಡ್‌ಗಳಿಗೆ ಒಂದು ಬಹಿರಂಗ ಪತ್ರ

ಮಾನ್ಯರೇ,

ಪ್ರತಿವರ್ಷ ನೀವು ಪಿಎಚ್‌ಡಿಗೆ ಅರ್ಜಿ ಕರೆಯುತ್ತೀರಿ. ಆ ಪ್ರಕಟಣೆಯಲ್ಲಿ ಎಲ್ಲವೂ ಇರುತ್ತದೆ. ಯಾವ ವಿಭಾಗದಲ್ಲಿ ಎಷ್ಟು ಸೀಟು, ಫೆಲೋಶಿಪ್ ಎಷ್ಟು, ಕೊನೆಯ ದಿನಾಂಕ ಯಾವುದು, ಯಾರು ಯಾರು ಗೈಡ್ ಆಗಲು ತಯಾರಿದ್ದಾರೆ, ಲ್ಯಾಬ್‌ಗೆ ಹೊಸದಾಗಿ ಯಾವ ಮೈಕ್ರೋಸ್ಕೋಪ್ ಬಂದಿದೆ. ರ್‍ಯಾಂಕಿಂಗ್ ಅಂತೂ ಮೊದಲ ಸಾಲಿನಲ್ಲೇ ಇರುತ್ತದೆ. ಇಲ್ಲದ್ದು ಒಂದೇ: ಈ ಹಿಂದೆ ನಿಮ್ಮಲ್ಲಿ ಪಿಎಚ್‌ಡಿ ಮುಗಿಸಿದವರು ಈಗ ಎಲ್ಲಿದ್ದಾರೆ, ಏನು ಕೆಲಸ ಮಾಡುತ್ತಿದ್ದಾರೆ ಎಂಬ ಲೆಕ್ಕ.

ನನ್ನ ಬೇಡಿಕೆ ಇಷ್ಟೇ. ಆ ಲೆಕ್ಕವನ್ನು ಸೀಟು ಕೊಡುವ ಮೊದಲೇ ಎಲ್ಲರಿಗೂ ಕಾಣುವಂತೆ ಹಾಕಿ. ಎಲ್ಲರಿಗೂ ಪ್ರೊಫೆಸರ್ ಕೆಲಸ ಕೊಡಿ ಎಂದು ಕೇಳುತ್ತಿಲ್ಲ. ಸೀಟು ಕಡಿಮೆ ಮಾಡಿ ಎಂದೂ ಕೇಳುತ್ತಿಲ್ಲ. ಅದೆಲ್ಲ ದೊಡ್ಡ ಮಾತು. ಲೆಕ್ಕ ಹೇಳುವುದು ಸಣ್ಣ ಕೆಲಸ, ಅಲ್ವಾ? ಅಷ್ಟನ್ನೂ ಇಷ್ಟು ವರ್ಷ ಯಾಕೆ ಮಾಡಿಲ್ಲ ಎಂಬುದು ನನಗೆ ಅರ್ಥವಾಗುವುದಿಲ್ಲ. ಅಥವಾ ಚೆನ್ನಾಗಿಯೇ ಅರ್ಥವಾಗುತ್ತದೆ.

ನಾನೂ ಪಿಎಚ್‌ಡಿ ಮಾಡಿದವಳು. ಜೀವಕೋಶದೊಳಗಿನ ಪ್ರೊಟೀನುಗಳ ಮೇಲೆ ಕೆಲಸ ಮಾಡಿದೆ. ಆಮೇಲೆ ಒಂದು ಪೋಸ್ಟ್‌ಡಾಕ್, ಅಂದರೆ ಪಿಎಚ್‌ಡಿ ಆದ ಮೇಲೆ ಗುತ್ತಿಗೆಯ ಮೇಲೆ ಮಾಡುವ ಸಂಶೋಧನಾ ಕೆಲಸ. ಅದರ ಗುತ್ತಿಗೆ ಮುಗಿದ ಮೇಲೆ ಇನ್ನೊಂದು. ಈಗ ಔಷಧ ಪ್ರಯೋಗಗಳ ವರದಿ ಬರೆದುಕೊಡುವ ಕೆಲಸದಲ್ಲಿದ್ದೇನೆ. ಕೆಲಸ ಹಿಡಿಸಿದೆ. ತಿಂಗಳಿಗೆ ಸರಿಯಾಗಿ ಸಂಬಳ ಬರುತ್ತದೆ. ರಜೆ ತೆಗೆದುಕೊಂಡರೆ ಯಾರೂ ಮುಖ ಗಂಟಿಕ್ಕುವುದಿಲ್ಲ. ಹಾಗಾಗಿ ಇದು ಕೆಲಸ ಸಿಗದವಳ ಗೋಳು ಎಂದು ಬದಿಗಿಡಬೇಡಿ. ಸಿಟ್ಟಿದೆ, ಅದನ್ನು ಮುಚ್ಚಿಡುವುದಿಲ್ಲ. ಇಂಥದ್ದೊಂದು ಕೆಲಸ ಲೋಕದಲ್ಲಿದೆ, ಇದಕ್ಕೆ ಪಿಎಚ್‌ಡಿ ಮಾಡಿದವರನ್ನೇ ಹುಡುಕುತ್ತಾರೆ ಎಂದು ಅಷ್ಟು ವರ್ಷದಲ್ಲಿ ಆ ಕಟ್ಟಡದೊಳಗೆ ಒಬ್ಬರೂ ಬಾಯಿಬಿಡಲಿಲ್ಲವಲ್ಲ, ಸಿಟ್ಟು ಅದಕ್ಕೆ.

ಲೆಕ್ಕದ ಮಾತಿಗೆ ಬರೋಣ. ಒಬ್ಬ ಪ್ರೊಫೆಸರ್ ತಮ್ಮ ಇಡೀ ಸೇವೆಯಲ್ಲಿ ಎಷ್ಟು ಜನಕ್ಕೆ ಪಿಎಚ್‌ಡಿ ಕೊಡಿಸುತ್ತಾರೆ? ಅವರು ನಿವೃತ್ತರಾದಾಗ ಖಾಲಿಯಾಗುವ ಕುರ್ಚಿ ಎಷ್ಟು? ಎರಡನೆಯ ಪ್ರಶ್ನೆಗೆ ಉತ್ತರ ಎಲ್ಲರಿಗೂ ಗೊತ್ತು. ಮೊದಲನೆಯದಕ್ಕೆ 2014ರಲ್ಲಿ ಎಂಐಟಿಯ ರಿಚರ್ಡ್ ಲಾರ್ಸನ್ ಮತ್ತು ಅವರ ಜೊತೆಗಾರರು ಉತ್ತರ ಹುಡುಕಿದರು. ಅಮೆರಿಕದ ಎಂಜಿನಿಯರಿಂಗ್ ವಿಭಾಗಗಳಲ್ಲಿ ಸರಾಸರಿ 7.8. ತಮಾಷೆಯೆಂದರೆ ಅವರು ಇದಕ್ಕೆ ಬಳಸಿದ್ದು ಸಾಂಕ್ರಾಮಿಕ ರೋಗ ಹರಡುವುದನ್ನು ಅಳೆಯುವ ಸಂಖ್ಯೆಯನ್ನು. ಒಬ್ಬ ರೋಗಿಯಿಂದ ಎಷ್ಟು ಜನಕ್ಕೆ ರೋಗ ತಗಲುತ್ತದೆ ಎಂದು ನೋಡುತ್ತಾರಲ್ಲ, ಅದೇ. ಕುರ್ಚಿಗಳ ಸಂಖ್ಯೆ ಏರದೆ ಇದ್ದಲ್ಲೇ ಇದ್ದರೆ, ಪಿಎಚ್‌ಡಿ ಮುಗಿಸಿದ 100 ಜನರಲ್ಲಿ ಸುಮಾರು 13 ಜನಕ್ಕೆ ಮಾತ್ರ ಪ್ರೊಫೆಸರ್ ಹುದ್ದೆ ಸಿಗಬಹುದು. ಉಳಿದ 87 ಜನ ಎಷ್ಟೇ ಜಾಣರಾಗಿದ್ದರೂ, ಎಷ್ಟೇ ದುಡಿದರೂ, ಕೂರಲು ಕುರ್ಚಿಯೇ ಇಲ್ಲ.

ಎಂಜಿನಿಯರಿಂಗ್ ಓದಿದವರಿಗೆ ಹೊರಗೆ ಕಂಪನಿಗಳಿವೆ. ಅವರಲ್ಲಿ ಎಷ್ಟೋ ಜನ ಮೊದಲೇ ಅಲ್ಲಿಗೆ ಹೋಗಬೇಕೆಂದೇ ಬಂದಿರುತ್ತಾರೆ. ಇತಿಹಾಸ, ತತ್ವಶಾಸ್ತ್ರ, ಸಾಹಿತ್ಯದಲ್ಲಿ ಡಾಕ್ಟರೇಟ್ ಮಾಡುವವರು ಬಹುಪಾಲು ಪಾಠ ಮಾಡುವ ಆಸೆಯಿಂದಲೇ ಬರುತ್ತಾರೆ. ಅವರಿಗೆ ಈ ಲೆಕ್ಕ ಇನ್ನೂ ಜಾಸ್ತಿ ಬೇಕು. ಅವರಿಗೇ ಇದನ್ನು ಎಲ್ಲರಿಗಿಂತ ತಡವಾಗಿ ಹೇಳುವುದು.

ಬ್ರಿಟನ್ನಿನ ವಿಜ್ಞಾನಿಗಳ ಸಂಸ್ಥೆ ರಾಯಲ್ ಸೊಸೈಟಿ 2010ರಲ್ಲಿ ಒಂದು ಚಿತ್ರ ಪ್ರಕಟಿಸಿತು. ವಿಜ್ಞಾನದಲ್ಲಿ ಪಿಎಚ್‌ಡಿ ಮಾಡಿದವರು ಮುಂದೆ ಎಲ್ಲೆಲ್ಲಿ ಹೋಗುತ್ತಾರೆ ಎಂಬ ಚಿತ್ರ ಅದು. ಶೇ 53 ಜನ ಪದವಿ ಕೈಗೆ ಬಂದ ಕೂಡಲೇ ವಿಜ್ಞಾನದ ಹೊರಗಿನ ಕೆಲಸಕ್ಕೆ ಹೋಗುತ್ತಾರೆ. ವಿಶ್ವವಿದ್ಯಾಲಯದಲ್ಲಿ ಪರ್ಮನೆಂಟ್ ಸಂಶೋಧಕರಾಗಿ ನಿಲ್ಲುವವರು ಶೇ 3.5. ಪ್ರೊಫೆಸರ್ ಆಗುವವರು ಶೇ 0.45. ಅಂದರೆ 200ಕ್ಕೂ ಹೆಚ್ಚು ಜನ ಸೇರಿದರೆ ಒಬ್ಬರು. ಬ್ರಿಟನ್ನಿನಲ್ಲಿ ಪ್ರೊಫೆಸರ್ ಅಂದರೆ ಮೇಲಿನ ಮೆಟ್ಟಿಲು ಮಾತ್ರ, ಅದು ನಿಜ. ಹಾಗಿದ್ದರೂ ಆ ಚಿತ್ರವನ್ನು ನಾನು ಮೊದಲು ನೋಡಿದ್ದು ಥೀಸಿಸ್ ಸಲ್ಲಿಸಿ ಆದ ಮೇಲೆ. ಅದೂ ಕೆಲಸ ಹುಡುಕುತ್ತಿದ್ದಾಗ, ತಾನಾಗಿ ಕಣ್ಣಿಗೆ ಬಿದ್ದು.

ಇಲ್ಲೊಂದು ಮಾತು ಹೇಳಬೇಕು. ಗೈಡ್‌ಗಳೆಲ್ಲ ಬೇಕೆಂದೇ ಮುಚ್ಚಿಡುತ್ತಾರೆ ಎಂದು ನಾನು ನಂಬುವುದಿಲ್ಲ. ನನ್ನ ಗೈಡ್ ಒಳ್ಳೆಯವರು. ಅವರು ಹೇಳುತ್ತಿದ್ದ ಮಾತು, 'ಒಳ್ಳೇ ಪೇಪರ್ ಇದ್ದರೆ ಕೆಲಸ ಸಿಕ್ಕೇ ಸಿಗುತ್ತೆ' ಎಂಬುದು, ಅವರ ಮಟ್ಟಿಗೆ ಪೂರ್ತಿ ನಿಜ. ಅವರಿಗೆ ಸಿಕ್ಕಿತ್ತು. ಪಕ್ಕದ ಕೋಣೆಯವರಿಗೂ ಸಿಕ್ಕಿತ್ತು. ಅದರಾಚೆ ಕೋಣೆಯವರಿಗೂ. ವಿಭಾಗದ ಕಾರಿಡಾರಿನಲ್ಲಿ ನಡೆದು ಹೋದರೆ ಎರಡೂ ಬದಿ ನೇಮ್‌ಪ್ಲೇಟ್ ಇರುವುದು ಕೆಲಸ ಸಿಕ್ಕವರದ್ದೇ. ಸಿಗದವರಿಗೆ ಅಲ್ಲಿ ಕೋಣೆ ಇಲ್ಲ, ನೇಮ್‌ಪ್ಲೇಟೂ ಇಲ್ಲ. ಇಪ್ಪತ್ತೆರಡು ಇಪ್ಪತ್ಮೂರು ವರ್ಷದ ಹುಡುಗನೋ ಹುಡುಗಿಯೋ ಅಲ್ಲಿ ಓಡಾಡಿದರೆ, ಪಿಎಚ್‌ಡಿ ಮಾಡಿದವರೆಲ್ಲ ಪ್ರೊಫೆಸರ್ ಆಗುತ್ತಾರೆ ಎಂದುಕೊಳ್ಳದೆ ಇನ್ನೇನು ಅಂದುಕೊಳ್ಳಬೇಕು? ಕಣ್ಣೆದುರು ಇರುವವರೆಲ್ಲ ಹಾಗೇ ಆದವರಲ್ಲವೇ?

ಹಾಗಾಗಿ ಇದನ್ನು ಒಬ್ಬೊಬ್ಬ ಗೈಡ್‌ನ ಒಳ್ಳೆಯತನಕ್ಕೆ ಬಿಡಬಾರದು. ಅವರಿಗೆ ಗೊತ್ತಿರುವುದು ತಮ್ಮ ಕೈಕೆಳಗೆ ಓದಿದ ಒಂದಿಷ್ಟು ಜನರ ಸುದ್ದಿ. ಅದರಲ್ಲೂ ನೆನಪಿನಲ್ಲಿ ಉಳಿಯುವುದು ಚೆನ್ನಾಗಿ ಆದವರದ್ದು. ಕಾನ್ಫರೆನ್ಸ್‌ಗಳಲ್ಲಿ ಸಿಗುವವರೂ ಅವರೇ. ಹೊರಗೆ ಹೋದವರು ಆಮೇಲೆ ಫೋನ್ ಕೂಡ ಮಾಡುವುದಿಲ್ಲ. ಮಾಡಲು ಮುಜುಗರ. ನಾನೂ ಮಾಡಿಲ್ಲ.

'ಒಳ್ಳೆಯವರಿಗೆ ಸಿಕ್ಕೇ ಸಿಗುತ್ತೆ' ಎಂಬ ಮಾತಿನಲ್ಲಿ ಇನ್ನೊಂದು ತೊಂದರೆ ಇದೆ. ಸಿಗದಿದ್ದರೆ ನೀನು ಒಳ್ಳೆಯವನಲ್ಲ ಎಂದೂ ಅದೇ ಹೇಳುತ್ತದೆ. ಈ ಮಾತು ಎಷ್ಟು ನಿಜ? 2015ರಲ್ಲಿ ಆರನ್ ಕ್ಲಾಸೆಟ್ ಮತ್ತು ಇಬ್ಬರು ಸಂಶೋಧಕರು ಅಮೆರಿಕ, ಕೆನಡಾಗಳಲ್ಲಿ ಕಂಪ್ಯೂಟರ್ ಸೈನ್ಸ್, ಬಿಸಿನೆಸ್, ಇತಿಹಾಸ ಈ ಮೂರು ವಿಷಯಗಳ ಸುಮಾರು 19 ಸಾವಿರ ಅಧ್ಯಾಪಕರು ಎಲ್ಲಿ ಓದಿದವರು ಎಂದು ನೋಡಿದರು. ಕಾಲುಭಾಗದಷ್ಟು ವಿಶ್ವವಿದ್ಯಾಲಯಗಳಲ್ಲಿ ಓದಿದವರೇ ಶೇ 71ರಿಂದ 86ರಷ್ಟು ಹುದ್ದೆಗಳಲ್ಲಿದ್ದರು. 2022ರಲ್ಲಿ ಅಮೆರಿಕದ ಎಲ್ಲ ವಿಷಯಗಳನ್ನೂ ಸೇರಿಸಿ ಇನ್ನೂ ದೊಡ್ಡ ಅಧ್ಯಯನ ಬಂತು. ಅಲ್ಲೂ ಅದೇ ಕಥೆ. ಆ ದೇಶದಲ್ಲೇ ಓದಿದ ಅಧ್ಯಾಪಕರಲ್ಲಿ ಶೇ 80ರಷ್ಟು ಜನ ಐದನೇ ಒಂದು ಭಾಗದ ವಿಶ್ವವಿದ್ಯಾಲಯಗಳಿಂದ ಬಂದವರು. ಉಳಿದ ವಿಶ್ವವಿದ್ಯಾಲಯಗಳೂ ಪಿಎಚ್‌ಡಿ ಕೊಡುತ್ತಿವೆ. ಅವೂ ಪ್ರತಿವರ್ಷ ಅರ್ಜಿ ಕರೆಯುತ್ತಿವೆ. ಅಲ್ಲಿ ಸೇರುವವರಿಗೆ ಈ ವಿಷಯ ಮೊದಲ ದಿನವೇ ಗೊತ್ತಾಗಬೇಕೋ ಬೇಡವೋ?

ನಮ್ಮ ಲ್ಯಾಬ್‌ನಲ್ಲಿ ದಿನಾ ಕೈಗೆ ಬರುತ್ತಿದ್ದ ಒಂದು ವಸ್ತುವಿನ ಕಥೆ ಹೇಳುತ್ತೇನೆ. ಜಿಎಫ್‌ಪಿ ಎಂಬ ಪ್ರೊಟೀನು. ಒಂದು ಜಾತಿಯ ಜೆಲ್ಲಿಫಿಶ್‌ನಲ್ಲಿ ಇರುವಂಥದ್ದು, ಹಸಿರಾಗಿ ಹೊಳೆಯುತ್ತದೆ. ನಮಗೆ ಬೇಕಾದ ಪ್ರೊಟೀನಿಗೆ ಇದನ್ನು ಜೋಡಿಸಿಬಿಟ್ಟರೆ ಅದು ಜೀವಕೋಶದೊಳಗೆ ಎಲ್ಲೆಲ್ಲಿ ಓಡಾಡುತ್ತದೆ ಎಂದು ಮೈಕ್ರೋಸ್ಕೋಪಿನಲ್ಲಿ ಕೂತು ನೋಡಬಹುದು. ಇದರ ಜೀನ್ ಅನ್ನು ಮೊದಲು ಹೊರತೆಗೆದು 1992ರಲ್ಲಿ ಪ್ರಕಟಿಸಿದವರು ಡಗ್ಲಸ್ ಪ್ರಾಷರ್. ಮುಂದಿನ ಕೆಲಸಕ್ಕೆ ಅವರಿಗೆ ಹಣ ಸಿಗಲಿಲ್ಲ. ಆ ಕ್ಷೇತ್ರವನ್ನೇ ಬಿಡಬೇಕಾಯಿತು. ಜೀನ್ ಅನ್ನು ತಮ್ಮಲ್ಲೇ ಇಟ್ಟುಕೊಳ್ಳದೆ, ಕೇಳಿದ ಮಾರ್ಟಿನ್ ಚಾಲ್ಫಿ ಮತ್ತು ರೋಜರ್ ಚೆನ್ ಅವರಿಗೆ ಕಳಿಸಿಕೊಟ್ಟರು. 2008ರಲ್ಲಿ ಒಸಾಮು ಶಿಮೊಮುರಾ ಅವರ ಜೊತೆ ಆ ಇಬ್ಬರಿಗೂ ರಸಾಯನಶಾಸ್ತ್ರದ ನೊಬೆಲ್ ಬಂತು. ಆ ಹೊತ್ತಿಗೆ ಪ್ರಾಷರ್ ಅಲಬಾಮಾದ ಒಂದು ಕಾರ್ ಶೋರೂಮಿನಲ್ಲಿ ಗ್ರಾಹಕರನ್ನು ಕರೆದೊಯ್ಯುವ ವ್ಯಾನ್ ಓಡಿಸುತ್ತಿದ್ದರು. ಚಾಲ್ಫಿ, ಚೆನ್ ಇಬ್ಬರೂ ಅವರನ್ನು ಮರೆಯಲಿಲ್ಲ, ತಮ್ಮ ಖರ್ಚಿನಲ್ಲಿ ಸ್ಟಾಕ್‌ಹೋಮಿಗೆ ಕರೆಸಿಕೊಂಡರು. ಆಮೇಲೆ ಚೆನ್ ತಮ್ಮ ಲ್ಯಾಬ್‌ನಲ್ಲೇ ಕೆಲಸವನ್ನೂ ಕೊಟ್ಟರು. ವ್ಯಾನ್ ಓಡಿಸುವುದು ಕೀಳು ಕೆಲಸ ಎಂದು ಇದನ್ನು ಹೇಳುತ್ತಿಲ್ಲ. ಪ್ರಾಷರ್ 'ಒಳ್ಳೆಯವರು' ಆಗಿರಲಿಲ್ಲ ಎಂದು ಯಾರಾದರೂ ಹೇಳಲಿ ನೋಡೋಣ.

ಇದಕ್ಕೆ ನೀವು ವಿಜ್ಞಾನಿ ಕಟಲಿನ್ ಕಾರಿಕೊ ಅವರ ಹೆಸರು ಹೇಳುತ್ತೀರಿ ಎಂದು ಗೊತ್ತು. 1995ರಲ್ಲಿ ಹುದ್ದೆಯಲ್ಲಿ ಕೆಳಗಿಳಿಸಿದರು, ಅವರು ಮುಂದೆ ಕೋವಿಡ್ ಲಸಿಕೆಗೆ ಆಧಾರವಾದ ಎಂಆರ್‌ಎನ್‌ಎ ಕೆಲಸ ಬಿಡಲಿಲ್ಲ, 2023ರಲ್ಲಿ ನೊಬೆಲ್ ಬಂತು. ಅವರ ಮೇಲೆ ನನಗೆ ತುಂಬ ಗೌರವವಿದೆ. ಈ ಕಥೆಯನ್ನು 'ತಾಳ್ಮೆಯಿಂದಿರಿ' ಎಂಬ ಪಾಠಕ್ಕೆ ಬಳಸುವುದು ಮಾತ್ರ ಸರಿಯಲ್ಲ. ಇದರಲ್ಲಿ ಪಾಠ ಇದ್ದರೆ ಅದು ಅವರನ್ನು ಕೆಳಗಿಳಿಸಿದವರಿಗೆ.

ನಿಮ್ಮ ಕಡೆಯಿಂದ ಭವಿಷ್ಯ ಹೇಳಿದ್ದೂ ಉಂಟು. 1989ರಲ್ಲಿ ಅಮೆರಿಕದಲ್ಲಿ ವಿಲಿಯಂ ಬೋವೆನ್ ಮತ್ತು ಜೂಲಿ ಆನ್ ಸೋಸಾ ಒಂದು ಅಧ್ಯಯನ ಮಾಡಿದರು. ಬೋವೆನ್ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯವನ್ನೇ ನಡೆಸಿದ್ದವರು. ಹಳಬರು ನಿವೃತ್ತರಾಗುತ್ತಾರೆ, 1997ರ ಹೊತ್ತಿಗೆ ಪಾಠ ಮಾಡುವವರೇ ಸಿಗದಂಥ ಕೊರತೆ ಬರುತ್ತದೆ ಎಂದು ಅವರು ಲೆಕ್ಕ ಹಾಕಿದರು. ಅದನ್ನು ನಂಬಿ ಡಾಕ್ಟರೇಟಿಗೆ ಸೇರಿದವರಿದ್ದಾರೆ. 1997 ಬಂತು, ಕೊರತೆ ಬರಲಿಲ್ಲ. 1994ರಲ್ಲಿ ಅಲ್ಲಿ ಪ್ರೊಫೆಸರುಗಳ ಕಡ್ಡಾಯ ನಿವೃತ್ತಿ ಹೋಯಿತು. ಖಾಲಿಯಾದ ಹುದ್ದೆಗಳಿಗೆ ಕಾಲೇಜುಗಳು ಪರ್ಮನೆಂಟ್ ಆಗಿ ಯಾರನ್ನೂ ತೆಗೆದುಕೊಳ್ಳಲೇಬೇಕು ಎಂದೇನೂ ಇರಲಿಲ್ಲ. ಅಲ್ಲಿನ ಅಧ್ಯಾಪಕರ ಸಂಘ ಎಎಯುಪಿ ಕೊಟ್ಟ ಅಂಕಿ ನೋಡಿ: ಪರ್ಮನೆಂಟ್ ಆಗುವ ದಾರಿಯೇ ಇಲ್ಲದ ಹುದ್ದೆಗಳಲ್ಲಿ ಇದ್ದವರು 1987ರಲ್ಲಿ ಶೇ 47, 2021ರಲ್ಲಿ ಶೇ 68. ಪಾಠ ನಡೆಯುತ್ತಲೇ ಇದೆ. ಮಕ್ಕಳೂ ಬರುತ್ತಲೇ ಇದ್ದಾರೆ. ಕೆಲಸ ಇತ್ತು, ಅದನ್ನು ಸೆಮಿಸ್ಟರ್ ಲೆಕ್ಕಕ್ಕೆ ತುಂಡು ಮಾಡಿ ಹಂಚಿದರು.

ಜಪಾನಿನಲ್ಲಿ 1996ರಲ್ಲಿ ಸರ್ಕಾರವೇ 10,000 ಪೋಸ್ಟ್‌ಡಾಕ್‌ಗಳಿಗೆ ನೆರವು ಕೊಡುವ ಯೋಜನೆ ಹಾಕಿತು. ಗುರಿ ಬೇಗನೇ ಮುಟ್ಟಿತು. ಆ ಹತ್ತು ಸಾವಿರ ಜನ ಮುಂದೆ ಎಲ್ಲಿ ಹೋಗಬೇಕು ಎಂಬುದು ಆಮೇಲಿನ ಪ್ರಶ್ನೆಯಾಯಿತು. 2003ರ ನಂತರ ಅಲ್ಲಿ ಡಾಕ್ಟರೇಟಿಗೆ ಸೇರುವವರೇ ಕಡಿಮೆಯಾಗುತ್ತ ಬಂದರು. ಸರ್ಕಾರ ಲೆಕ್ಕ ಹಾಕದೇ ಇದ್ದದ್ದನ್ನು ಹುಡುಗರು ಅಣ್ಣಂದಿರನ್ನು, ಅಕ್ಕಂದಿರನ್ನು ನೋಡಿ ಹಾಕಿಕೊಂಡರು.

ಜರ್ಮನಿಯದ್ದು ಇನ್ನೂ ಚೆನ್ನಾಗಿದೆ. ಅಲ್ಲಿ 2007ರ ಕಾನೂನಿನ ಪ್ರಕಾರ ಪಿಎಚ್‌ಡಿಗೆ ಮುಂಚೆ 6 ವರ್ಷ, ಆಮೇಲೆ 6 ವರ್ಷ ಗುತ್ತಿಗೆಯ ಮೇಲೆ ಇರಬಹುದು. ಅಷ್ಟರೊಳಗೆ ಪರ್ಮನೆಂಟ್ ಹುದ್ದೆ ಸಿಗದಿದ್ದರೆ ಸಾಮಾನ್ಯವಾಗಿ ದಾರಿ ಮುಚ್ಚಿದಂತೆಯೇ. ಸರ್ಕಾರ ಇದನ್ನು ವಿವರಿಸಲು ಒಂದು ಕಾರ್ಟೂನ್ ವಿಡಿಯೊ ಮಾಡಿತು. ಅದರಲ್ಲಿ ಹಾನ್ನಾ ಎಂಬ ಜೀವವಿಜ್ಞಾನಿ. ಒಂದು ತಲೆಮಾರಿನವರೇ ಎಲ್ಲ ಹುದ್ದೆಗಳನ್ನೂ ಹಿಡಿದು ದಾರಿ ಕಟ್ಟಿಬಿಡಬಾರದಲ್ಲ, ಅದಕ್ಕೇ ಈ ಕಾನೂನು ಎಂದು ನಗುನಗುತ್ತಲೇ ಹೇಳುವ ವಿಡಿಯೊ. 2021ರ ಜೂನ್‌ನಲ್ಲಿ ಅಲ್ಲಿನ ಸಂಶೋಧಕರು ಸಾವಿರಗಟ್ಟಲೆ ಜನ 'ನಾನೇ ಹಾನ್ನಾ' ಎಂದು ತಮ್ಮ ತಮ್ಮ ಗುತ್ತಿಗೆಗಳ ಕಥೆ ಬರೆಯತೊಡಗಿದರು. ಸಚಿವಾಲಯ ವಿಡಿಯೊವನ್ನು ತೆಗೆದುಹಾಕಿತು. ನನಗೆ ಆ ವಿಡಿಯೊ ಬಗ್ಗೆ ಒಂದು ಕಡೆ ಮೆಚ್ಚುಗೆಯೂ ಇದೆ. ಅಷ್ಟು ನೇರವಾಗಿ ಬೇರೆ ಯಾರೂ ಹೇಳಿರಲಿಲ್ಲ. ನೀವಂತೂ ಹೇಳಿಲ್ಲ.

ಇಷ್ಟು ಹೇಳಿದ ಮೇಲೆ ಒಂದು ಉತ್ತರ ಬಂದೇ ಬರುತ್ತದೆ. ಜ್ಞಾನ ಮತ್ತು ಕೆಲಸ ಬೇರೆ ಬೇರೆ, ಪಿಎಚ್‌ಡಿ ಅಂದರೆ ಕೆಲಸಕ್ಕೆ ತರಬೇತಿ ಅಲ್ಲ, ಕಲಿಯುವ ಖುಷಿಗೆ ಬನ್ನಿ ಎಂದು. ಇದನ್ನು ನಾನು ಅರ್ಧ ಒಪ್ಪುತ್ತೇನೆ. ಒಂದು ಪ್ರಶ್ನೆಯ ಹಿಂದೆ ವರ್ಷಗಟ್ಟಲೆ ಹೋಗುವುದರಲ್ಲಿ ಇರುವ ಸುಖ ದೊಡ್ಡದು. ಯಾರಿಗೂ ಗೊತ್ತಿಲ್ಲದ ಒಂದು ಸಣ್ಣ ವಿಷಯ ನಡುರಾತ್ರಿ ಲ್ಯಾಬ್‌ನಲ್ಲಿ ನನಗೊಬ್ಬಳಿಗೇ ಗೊತ್ತಾದಾಗ ಆದ ಖುಷಿಯನ್ನು ಯಾವ ಸಂಬಳಕ್ಕೂ ಬದಲಿಸಿಕೊಳ್ಳಲಾರೆ. ಆದರೆ ಕಲಿಯುವ ಖುಷಿಯ ಮಾತು ಬರುವುದು ಕೆಲಸ ಕೇಳಿದಾಗ ಮಾತ್ರ. ಮೊದಲ ವರ್ಷದವರ ಉತ್ತರ ಪತ್ರಿಕೆ ತಿದ್ದುವಾಗ, ಪ್ರಾಕ್ಟಿಕಲ್ ನಡೆಸುವಾಗ, ಗೈಡ್‌ನ ಪ್ರಾಜೆಕ್ಟ್ ವರದಿ ಬರೆಯುವಾಗ, ಹೊಸದಾಗಿ ಬಂದವರಿಗೆ ಯಂತ್ರ ಕಲಿಸುವಾಗ ನಾವು ಕೆಲಸಗಾರರು. ಸಂಬಳದ ಮಾತೆತ್ತಿದರೆ ವಿದ್ಯಾರ್ಥಿಗಳು. 2022ರ ನವೆಂಬರ್‌ನಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ 48 ಸಾವಿರದಷ್ಟು ಜನ, ಪಿಎಚ್‌ಡಿ ವಿದ್ಯಾರ್ಥಿಗಳು, ಪೋಸ್ಟ್‌ಡಾಕ್‌ಗಳು ಎಲ್ಲ ಸೇರಿ, ಮುಷ್ಕರ ಹೂಡಿದರು. ತರಗತಿಗಳು ನಿಂತವು, ಮಾರ್ಕ್ಸ್ ಕೊಡುವವರಿಲ್ಲದೆ ಫಲಿತಾಂಶ ತಡವಾಯಿತು. ಬರೀ ಖುಷಿಗೆ ಕಲಿಯುತ್ತಿರುವವರು ಕೈಕಟ್ಟಿ ಕೂತರೆ ಒಂದು ವಿಶ್ವವಿದ್ಯಾಲಯ ಯಾಕೆ ನಿಲ್ಲಬೇಕು?

ಪಿಎಚ್‌ಡಿ ಒಂದರದ್ದೇ ಕಥೆಯೂ ಅಲ್ಲ ಇದು. ಡಿಗ್ರಿ ಸಾಕಿದ್ದ ಕಡೆ ಈಗ ಮಾಸ್ಟರ್ಸ್ ಕೇಳುತ್ತಾರೆ. ಮಾಸ್ಟರ್ಸ್ ಸಾಕಿದ್ದ ಕಡೆ ಪಿಎಚ್‌ಡಿ. ಕೆಲಸ ಮಾತ್ರ ಅದೇ. ಅರ್ಥಶಾಸ್ತ್ರಜ್ಞ ಫ್ರೆಡ್ ಹಿರ್ಷ್ 1976ರಲ್ಲೇ ಇದನ್ನು ಹೇಳಿದ್ದರು. ಗುಂಪಿನಲ್ಲಿ ಎಲ್ಲರೂ ತುದಿಗಾಲ ಮೇಲೆ ನಿಂತರೆ ಯಾರಿಗೂ ಹೆಚ್ಚೇನೂ ಕಾಣುವುದಿಲ್ಲ. ಕಾಲು ನೋವು ಮಾತ್ರ ಎಲ್ಲರಿಗೂ. ಈ ಕೊನೆಯ ವಾಕ್ಯ ನನ್ನದು. ಇನ್ನೂ ಹಿಂದೆ ಹೋದರೆ, 1903ರಲ್ಲಿ ಹಾರ್ವರ್ಡಿನ ತತ್ವಶಾಸ್ತ್ರಜ್ಞ ವಿಲಿಯಂ ಜೇಮ್ಸ್ ಇದರ ಮೇಲೆ ಸಿಟ್ಟಿನಿಂದ ಒಂದು ಲೇಖನ ಬರೆದಿದ್ದರು. ಅವರಲ್ಲಿ ಓದಿದ ಒಬ್ಬ ಜಾಣ ವಿದ್ಯಾರ್ಥಿಗೆ ಬೇರೊಂದು ಕಾಲೇಜಿನಲ್ಲಿ ಪಾಠ ಮಾಡುವ ಕೆಲಸ ಸಿಕ್ಕಿತ್ತು. ಆಮೇಲೆ ನೋಡಿದರೆ ಅವನಿಗೆ ಪಿಎಚ್‌ಡಿ ಇಲ್ಲ ಎಂದು ಗೊತ್ತಾಗಿ ಕಾಲೇಜಿನವರಿಗೆ ಗಾಬರಿಯಾಯಿತಂತೆ. ಅವನು ಪಾಠ ಚೆನ್ನಾಗಿ ಮಾಡಬಲ್ಲನೇ ಎಂಬ ಪ್ರಶ್ನೆ ಬರಲೇ ಇಲ್ಲ. ಜೇಮ್ಸ್ ಅವರಿಗೂ ಪಿಎಚ್‌ಡಿ ಇರಲಿಲ್ಲ. ಅಮೆರಿಕದಲ್ಲಿ ಮೊದಲ ಪಿಎಚ್‌ಡಿ ಕೊಟ್ಟದ್ದು 1861ರಲ್ಲಿ, ಯೇಲ್‌ನಲ್ಲಿ, ಮೂರು ಜನಕ್ಕೆ. ನಲವತ್ತು ವರ್ಷ ಕಳೆಯುವುದರಲ್ಲಿ ಅದು ಬಾಗಿಲಲ್ಲಿ ತೋರಿಸುವ ಚೀಟಿಯಾಗಿತ್ತು.

ಇದೆಲ್ಲ ಮನುಷ್ಯರ ಮೇಲೆ ಏನು ಮಾಡುತ್ತದೆ ಎಂಬುದು ನಿಮ್ಮ ವಾರ್ಷಿಕ ವರದಿಗಳಲ್ಲಿ ಬರುವುದಿಲ್ಲ. 2018ರಲ್ಲಿ 26 ದೇಶಗಳ 2,279 ಜನರನ್ನು, ಹೆಚ್ಚಿನವರು ಪಿಎಚ್‌ಡಿ ವಿದ್ಯಾರ್ಥಿಗಳು, ಕೇಳಿ ಮಾಡಿದ ಒಂದು ಅಧ್ಯಯನದಲ್ಲಿ ಶೇ 39 ಜನರಲ್ಲಿ ಮಧ್ಯಮದಿಂದ ತೀವ್ರ ಮಟ್ಟದ ಖಿನ್ನತೆ ಕಂಡಿತು. ಸಾಮಾನ್ಯ ಜನರಲ್ಲಿ ಅದು ಶೇ 6. ಕಷ್ಟದಲ್ಲಿರುವವರೇ ಇಂಥ ಪ್ರಶ್ನೆಗಳಿಗೆ ಹೆಚ್ಚು ಉತ್ತರಿಸುತ್ತಾರೆ ಎಂದು ಸ್ವಲ್ಪ ಕಳೆದುಕೊಂಡರೂ ಇದು ಸಣ್ಣ ಅಂತರವಲ್ಲ. ಎಲ್ಲದಕ್ಕೂ ಕೆಲಸದ ಚಿಂತೆಯೇ ಕಾರಣ ಎನ್ನುವುದಿಲ್ಲ. ಗೈಡ್ ಸರಿಯಿಲ್ಲದಿರಬಹುದು, ಪ್ರಯೋಗ ಕೈಕೊಟ್ಟಿರಬಹುದು. ಆದರೂ ನನ್ನ ಜೊತೆ ಇದ್ದವರಲ್ಲಿ ನಾನು ಕಂಡದ್ದು ಹೇಳುತ್ತೇನೆ. ಥೀಸಿಸ್ ಮುಗಿಯುವ ಹೊತ್ತಿಗೆ ಅವರು ಸಂಭ್ರಮಪಡಬೇಕಿತ್ತು. ಬದಲಿಗೆ ಬೇಕೆಂದೇ ನಿಧಾನ ಮಾಡುತ್ತಿದ್ದರು. ಸಲ್ಲಿಸಿಬಿಟ್ಟರೆ ಫೆಲೋಶಿಪ್ ನಿಲ್ಲುತ್ತದೆ. ಸಲ್ಲಿಸುವ ತನಕ 'ಪಿಎಚ್‌ಡಿ ಮಾಡ್ತಿದ್ದೀನಿ' ಎನ್ನಬಹುದು. ಸಲ್ಲಿಸಿದ ಮರುದಿನ ಅದೇ ಪ್ರಶ್ನೆಗೆ ಏನು ಹೇಳುವುದು?

ಹೊರಗೆ ಕೆಲಸ ಹುಡುಕಲು ಹೋದರೆ ಇನ್ನೊಂದು ಅನುಭವ. 'ನೀವು ಇಷ್ಟು ಓದಿದ್ದೀರಿ, ಈ ಕೆಲಸದಲ್ಲಿ ಎಷ್ಟು ದಿನ ಇರ್ತೀರಿ?' ಎಂದು ಕೇಳುತ್ತಾರೆ. ಪಕ್ಕದಲ್ಲಿ ಕೂತವರು 'ಅನುಭವ ಎಷ್ಟು ವರ್ಷ?' ಎನ್ನುತ್ತಾರೆ. ಲ್ಯಾಬ್‌ನಲ್ಲಿ ಕಳೆದ ವರ್ಷಗಳು ಮೊದಲನೆಯವರಿಗೆ ಜಾಸ್ತಿಯಾದವು, ಎರಡನೆಯವರಿಗೆ ಲೆಕ್ಕಕ್ಕೇ ಇಲ್ಲ. ಬಯೋಡೇಟಾದಿಂದ ಪಿಎಚ್‌ಡಿ ಸಾಲನ್ನೇ ತೆಗೆದುಹಾಕಿ ಅರ್ಜಿ ಹಾಕಿದವರು ನನಗೆ ಗೊತ್ತು. ತೆಗೆದ ಮೇಲೆ ನಡುವೆ ಉಳಿಯುವ ಖಾಲಿ ವರ್ಷಗಳಿಗೆ ಏನು ಬರೆಯುವುದು ಎಂದು ಕೂತು ಯೋಚಿಸಿದವರೂ ಗೊತ್ತು. ಅದೇ ಜನ ಸರಿಯಾದ ಜಾಗಕ್ಕೆ ಬಂದು ಬಿದ್ದರೆ ಎಷ್ಟು ಚೆನ್ನಾಗಿ ಕೆಲಸ ಮಾಡುತ್ತಾರೆ ಎಂದು ಈಗ ದಿನಾ ನೋಡುತ್ತೇನೆ. ದತ್ತಾಂಶ ಓದುವುದು, ಎಲ್ಲಿ ಅನುಮಾನ ಪಡಬೇಕು ಎಂದು ತಿಳಿಯುವುದು, ಗೊಂದಲದ ವಿಷಯವನ್ನು ಹತ್ತು ಪುಟದಲ್ಲಿ ಬಿಡಿಸಿ ಬರೆಯುವುದು, ಇದೆಲ್ಲ ಅವರು ಕಲಿತದ್ದು ನಿಮ್ಮಲ್ಲೇ. ನಿಮ್ಮ ಲೆಕ್ಕದಲ್ಲಿ ಮಾತ್ರ ಅವರು 'ಬಿಟ್ಟು ಹೋದವರು'.

ಲೆಕ್ಕ ಇಡುವುದು ಕಷ್ಟ, ಓದಿ ಹೋದವರನ್ನು ಎಲ್ಲಿ ಅಂತ ಹುಡುಕುವುದು ಎಂದು ಹೇಳಬೇಡಿ. ಟೊರಾಂಟೊ ವಿಶ್ವವಿದ್ಯಾಲಯ ಇದನ್ನು ಮಾಡಿ ತೋರಿಸಿದೆ. 2000ದಿಂದ 2015ರ ತನಕ ಅಲ್ಲಿ ಪಿಎಚ್‌ಡಿ ಪಡೆದ 10,886 ಜನ 2016ರಲ್ಲಿ ಎಲ್ಲಿದ್ದಾರೆ ಎಂದು ಬರೀ ಇಂಟರ್ನೆಟ್‌ನಲ್ಲಿ ಹುಡುಕಿ ಪಟ್ಟಿ ಮಾಡಿದರು. ಯಾರಿಗೂ ಫಾರ್ಮ್ ಕಳಿಸಿ ಕಾಯಲಿಲ್ಲ. ಶೇ 51 ಜನ ಉನ್ನತ ಶಿಕ್ಷಣದಲ್ಲೇ ಏನಾದರೊಂದು ಕೆಲಸದಲ್ಲಿದ್ದರು. ಪರ್ಮನೆಂಟ್ ಆದ ಅಥವಾ ಆಗುವ ದಾರಿಯಲ್ಲಿದ್ದ ಪ್ರೊಫೆಸರುಗಳು ಶೇ 26. ಉನ್ನತ ಶಿಕ್ಷಣದ ಹೊರಗಿದ್ದವರು ಕಂಪನಿ, ಸರ್ಕಾರ, ಆಸ್ಪತ್ರೆ ಅಂತ ಎಲ್ಲ ಕಡೆ ಹರಡಿದ್ದರು. ಗಮನಿಸಿ, ಆ ಅಂಕಿ ಭಯ ಹುಟ್ಟಿಸುವಂತೆಯೂ ಇಲ್ಲ. ನಾಲ್ಕರಲ್ಲಿ ಒಬ್ಬರು ಎಂದು ತಿಳಿದೂ ಸೇರುವವರು ಇದ್ದಾರೆ. ನಾನೂ ಸೇರುತ್ತಿದ್ದೆನೇನೋ. ಸೇರಿ, ಎರಡನೇ ವರ್ಷದಿಂದಲೇ ಉಳಿದ ಮೂರು ಬಾಗಿಲುಗಳ ಕಡೆಯೂ ಒಂದು ಕಣ್ಣಿಟ್ಟಿರುತ್ತಿದ್ದೆ. ಪೋಸ್ಟ್‌ಡಾಕ್ ಮೇಲೆ ಪೋಸ್ಟ್‌ಡಾಕ್ ಮಾಡುತ್ತ ಕೂರುತ್ತಿರಲಿಲ್ಲ.

2017ರಲ್ಲಿ ಅಮೆರಿಕದ ಒಂಬತ್ತು ವಿಶ್ವವಿದ್ಯಾಲಯಗಳು ಮತ್ತು ಒಂದು ಸಂಶೋಧನಾ ಕೇಂದ್ರ ಸೇರಿ ಒಂದು ಒಕ್ಕೂಟ ಮಾಡಿಕೊಂಡವು. ಜೀವವಿಜ್ಞಾನದಲ್ಲಿ ತಮ್ಮಲ್ಲಿ ಪಿಎಚ್‌ಡಿ, ಪೋಸ್ಟ್‌ಡಾಕ್ ಮಾಡಿದವರು ಎಷ್ಟು ವರ್ಷ ತೆಗೆದುಕೊಂಡರು, ಆಮೇಲೆ ಎಲ್ಲಿ ಹೋದರು ಎಂದು ಎಲ್ಲರೂ ಒಂದೇ ರೀತಿಯಲ್ಲಿ ಪ್ರಕಟಿಸುತ್ತೇವೆ ಎಂದು ಒಪ್ಪಿಕೊಂಡವು. ಜಾನ್ಸ್ ಹಾಪ್‌ಕಿನ್ಸ್, ಎಂಐಟಿ ಅದರಲ್ಲಿವೆ. ಲೆಕ್ಕ ಹಾಕಿದ್ದರಿಂದ ಅವುಗಳ ಹೆಸರೇನೂ ಕೆಟ್ಟಿಲ್ಲ. ಅಲ್ಲಿಗೆ ಅರ್ಜಿಗಳೂ ನಿಂತಿಲ್ಲ.

ಬರೀ ಒಳ್ಳೆಯ ಮನಸ್ಸಿಗೆ ಬಿಟ್ಟರೆ ಆಗುವುದಿಲ್ಲ ಎಂಬುದಕ್ಕೆ ಕಾನೂನು ಕಾಲೇಜುಗಳ ಕಥೆ ಇದೆ. ಅಮೆರಿಕದಲ್ಲಿ ಕೆಲವು ಲಾ ಕಾಲೇಜುಗಳು ತಮ್ಮಲ್ಲಿ ಓದಿದ ಹೆಚ್ಚುಕಮ್ಮಿ ಎಲ್ಲರಿಗೂ ಕೆಲಸ ಸಿಕ್ಕಿದೆ ಎಂದು ಹೇಳಿಕೊಳ್ಳುತ್ತಿದ್ದವು. ಯಾವ ಕೆಲಸ, ವಕೀಲಿಕೆಯೇ, ಪೂರ್ಣಾವಧಿಯೇ, ಎಷ್ಟು ದಿನದ್ದು ಎಂದು ಹೇಳುತ್ತಿರಲಿಲ್ಲ. 2011ರ ಸುಮಾರಿಗೆ ಓದಿ ಹೊರಬಂದವರು ಕೋರ್ಟಿಗೆ ಹೋದರು. ಕೋರ್ಟಿನಲ್ಲಿ ಹೆಚ್ಚಿನವರಿಗೆ ಏನೂ ಸಿಗಲಿಲ್ಲ. ಗದ್ದಲದಿಂದ ಒಂದು ಉಪಕಾರ ಆಯಿತು. ಅಲ್ಲಿನ ವಕೀಲರ ಸಂಘ ಮಾನ್ಯತೆಯ ನಿಯಮಗಳನ್ನೇ ಬಿಗಿ ಮಾಡಿತು. ಈಗ ಪ್ರತಿ ಕಾಲೇಜೂ ಪದವಿ ಮುಗಿದು ಸುಮಾರು ಹತ್ತು ತಿಂಗಳಿಗೆ ಯಾರು ಎಲ್ಲಿದ್ದಾರೆ ಎಂದು ಬಿಡಿಬಿಡಿಯಾಗಿ ಪ್ರಕಟಿಸಲೇಬೇಕು. ಪೂರ್ಣಾವಧಿ ಬೇರೆ, ಅರೆಕಾಲಿಕ ಬೇರೆ. ಕಾಲೇಜೇ ಸಂಬಳ ಕೊಟ್ಟು ಇಟ್ಟುಕೊಂಡವರ ಲೆಕ್ಕ ಬೇರೆ. ಮಾನ್ಯತೆ ಕೊಡುವವರು, ಅನುದಾನ ಕೊಡುವವರು ಈ ಪತ್ರವನ್ನು ಓದುತ್ತಿದ್ದರೆ ದಯವಿಟ್ಟು ಈ ಭಾಗವನ್ನು ಇನ್ನೊಮ್ಮೆ ಓದಿ. ನೀವು ಒಂದು ಸಾಲಿನ ಷರತ್ತು ಹಾಕಿದರೆ ಸಾಕು, ಉಳಿದವರು ತಾವಾಗಿ ಲೆಕ್ಕ ತೆಗೆಯುತ್ತಾರೆ.

ಪಟ್ಟಿ ಹೇಗಿರಬೇಕು ಎಂದೂ ಹೇಳಿಬಿಡುತ್ತೇನೆ, ಆಮೇಲೆ ಸಮಿತಿ ಮಾಡಿ ಮೂರು ವರ್ಷ ಕೂರುವುದು ಬೇಡ. ವಿಶ್ವವಿದ್ಯಾಲಯಕ್ಕೆಲ್ಲ ಸೇರಿ ಒಂದೇ ಅಂಕಿ ಹಾಕಬೇಡಿ. ವಿಭಾಗವಾರು ಬೇಕು. ಎಂಜಿನಿಯರಿಂಗ್ ಅಂಕಿಯ ಹಿಂದೆ ತತ್ವಶಾಸ್ತ್ರ ಅಡಗಿ ಕೂರಬಾರದು. ಕಳೆದ ಹತ್ತು ವರ್ಷದಲ್ಲಿ ಸೇರಿದವರು ಎಷ್ಟು, ಮುಗಿಸಿದವರು ಎಷ್ಟು, ಅರ್ಧಕ್ಕೆ ಬಿಟ್ಟವರು ಎಷ್ಟು. ಬಿಟ್ಟವರ ಲೆಕ್ಕ ಬಹಳ ಮುಖ್ಯ, ಅವರು ಯಾವ ಪಟ್ಟಿಯಲ್ಲೂ ಬರುವುದಿಲ್ಲ. ಮುಗಿಸಲು ತೆಗೆದುಕೊಂಡ ವರ್ಷ ಎಷ್ಟು, ಫೆಲೋಶಿಪ್ ಅದರಲ್ಲಿ ಎಷ್ಟು ವರ್ಷಕ್ಕೆ ಬಂತು. ಮುಗಿಸಿ ಒಂದು ವರ್ಷಕ್ಕೆ ಎಲ್ಲಿದ್ದರು, ಐದು ವರ್ಷಕ್ಕೆ ಎಲ್ಲಿದ್ದರು. ಎರಡೂ ಬೇಕು, ಯಾಕೆಂದರೆ ಒಂದು ವರ್ಷದ ಹೊತ್ತಿಗೆ ಎಷ್ಟೋ ಜನ ಪೋಸ್ಟ್‌ಡಾಕ್‌ನಲ್ಲೇ ಇರುತ್ತಾರೆ, ನೋಡಲು ಚೆನ್ನಾಗಿ ಕಾಣುತ್ತದೆ. ಪಾಠ ಮಾಡುತ್ತಿದ್ದರೆ ಪರ್ಮನೆಂಟ್ ಯಾರು, ಗುತ್ತಿಗೆ ಯಾರು, ತಾಸಿನ ಲೆಕ್ಕದವರು ಯಾರು ಎಂದು ಬೇರೆ ಬೇರೆ ಬರೆಯಿರಿ. 'ಬೋಧನಾ ಕ್ಷೇತ್ರ' ಎಂದು ಒಟ್ಟಿಗೆ ಕಟ್ಟಿಹಾಕಬೇಡಿ. ಹೊರಗೆ ಹೋದವರದ್ದು 'ಇತರೆ' ಎಂದು ಮುಗಿಸಬೇಡಿ. ಆ 'ಇತರೆ' ಒಳಗೇ ಹೊಸಬರಿಗೆ ನಿಜವಾಗಿ ಬೇಕಾದ ಮಾಹಿತಿ ಇರುವುದು. ಯಾರ ಹೆಸರೂ ಬೇಡ, ಕೆಲಸದ ಹೆಸರು ಸಾಕು.

ಕೊನೆಗೆ, ಎಷ್ಟು ಹುಡುಕಿದರೂ ಸಿಗದವರಿಗೆ 'ಗೊತ್ತಿಲ್ಲ' ಎಂದು ಒಂದು ಕಾಲಂ ಇಡಿ. ಅದನ್ನು ಬೇರೆ ಕಾಲಂಗಳಿಗೆ ಹಂಚಿ ಶೇಕಡಾವಾರು ಚೆಂದ ಮಾಡಬೇಡಿ. ಮೊದಲ ವರ್ಷ ಆ ಕಾಲಂನ ಸಂಖ್ಯೆಯೇ ಎಲ್ಲಕ್ಕಿಂತ ದೊಡ್ಡದಾಗಿರಬಹುದು. ಇರಲಿ, ಹಾಗೇ ಹಾಕಿ.

ಇಂತಿ,
ನಿಮ್ಮಂಥ ಒಂದು ವಿಶ್ವವಿದ್ಯಾಲಯದಲ್ಲಿ ಪಿಎಚ್‌ಡಿ ಮಾಡಿದವಳು